ವಿಕಿರಣ ಚಿಕಿತ್ಸೆ ಮತ್ತು ದೇಹದ ಗಡಿಯಾರ

ಕ್ಯಾನ್ಸರ್ ಗಡ್ಡೆಗೆ ವಿಕಿರಣ ಕೊಡುವ ಮುನ್ನ ಒಟ್ಟು ಪ್ರಮಾಣ ಎಷ್ಟು, ಅದನ್ನು ಎಷ್ಟು ಕಂತುಗಳಲ್ಲಿ ಕೊಡಬೇಕು, ಕಿರಣ ಯಾವ ಕೋನದಿಂದ ಹೊಕ್ಕರೆ ಪಕ್ಕದ ಅಂಗಕ್ಕೆ ಪೆಟ್ಟು ಕಡಿಮೆ ಎಂಬುದೆಲ್ಲ ಮಿಲಿಮೀಟರ್ ಲೆಕ್ಕದಲ್ಲಿ ತೀರ್ಮಾನವಾಗುತ್ತದೆ. ದಿನದ ಯಾವ ಹೊತ್ತಿಗೆ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಯಂತ್ರದ ಮುಂದಿನ ಸರತಿ ತೀರ್ಮಾನಿಸುತ್ತದೆ. ಜೀವಕೋಶಗಳು ಬೆಳಿಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ. ಅವುಗಳ ದೈನಂದಿನ ಲಯ ನೋಡಿ ವಿಕಿರಣ ಕೊಟ್ಟರೆ ರೋಗಿಯ ಸಂಕಟ ತಗ್ಗಬಹುದು ಎಂಬ ವಿಚಾರಕ್ಕೆ ಕಾಲಾನುಗುಣ ವಿಕಿರಣ ಚಿಕಿತ್ಸೆ ಎಂದು ಹೆಸರು. ಈ ಕ್ಷೇತ್ರದ ಮುಖ್ಯ ಪ್ರಯೋಗಗಳಲ್ಲಿ ಎರಡು ನಡೆದದ್ದು ಭಾರತದಲ್ಲೇ.

ಬನಶಂಕರಿ, ಜಯನಗರ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳವರಿಗೆ ಈ ವಿಷಯ ದೂರದ್ದಲ್ಲ. 1973ರಲ್ಲಿ ಆರಂಭವಾದ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ ಈ ಬಡಾವಣೆಗಳ ಮಗ್ಗುಲಲ್ಲೇ ಇದೆ. ಶಂಕರಪುರದ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆಗೆ ಬನಶಂಕರಿಯಿಂದ ಮೆಟ್ರೊ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಆಯಿತು. ಕರ್ನಾಟಕದ ಮೂಲೆಮೂಲೆಯಿಂದ ಬಂದವರು ಚಿಕಿತ್ಸೆ ಮುಗಿಯುವವರೆಗೆ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ವಾರಗಟ್ಟಲೆ ಉಳಿಯುತ್ತಾರೆ. 'ಕರೆಂಟ್ ಕೊಡಿಸಲು', ಅಂದರೆ ವಿಕಿರಣಕ್ಕೆ, ಬಂದಿದ್ದೇವೆ ಎನ್ನುವ ಇವರ ಇಡೀ ದಿನಚರಿ ಕಾರ್ಡಿನ ಮೇಲೆ ಬರೆದ ಒಂದು ಸಮಯದ ಸುತ್ತ ಸುತ್ತುತ್ತದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರಿಂದ ಜನಸಂಖ್ಯಾ ಆಧಾರಿತ ದಾಖಲೆ ಇಡಲು ತೊಡಗಿದ ಮೊದಲ ಮೂರು ನಗರಗಳಲ್ಲಿ ಮುಂಬೈ ಮತ್ತು ಚೆನ್ನೈ ಜೊತೆ ಬೆಂಗಳೂರೂ ಇತ್ತು. ಆ ನೋಂದಣಿ ಕಚೇರಿ ಇರುವುದು ಕಿದ್ವಾಯಿಯಲ್ಲಿ. ನಾಲ್ಕು ದಶಕ ಮೀರಿದ ಆ ದಾಖಲೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಬಾಯಿ, ಗಂಟಲು ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳೇ ಚಿಕಿತ್ಸೆಯ ಹೊತ್ತಿನ ಬಗ್ಗೆ ಹೆಚ್ಚು ಅಧ್ಯಯನಕ್ಕೆ ಒಳಗಾದವು.

ಹೊತ್ತು ನೋಡುವುದು ನಮ್ಮ ಜನಕ್ಕೆ ಹೊಸದಲ್ಲ. ಚಿಕಿತ್ಸೆಯ ಮೊದಲ ದಿನ ರಾಹುಕಾಲ ತಪ್ಪಿಸಿ ಹೋಗೋಣ ಎನ್ನುವ ಮನೆಗಳು ಬಹಳ. ಅದೇ ಕನಕಪುರ ರಸ್ತೆಯ ಬನಶಂಕರಿ ಅಮ್ಮನ ಗುಡಿಯಲ್ಲಿ ರಾಹುಕಾಲದಲ್ಲೇ ಪೂಜೆ. ಮಂಗಳವಾರ, ಶುಕ್ರವಾರ, ಭಾನುವಾರ ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚಲು ಜನ ಸಾಲುಗಟ್ಟುತ್ತಾರೆ. ಪಂಚಾಂಗದ ಹೊತ್ತು ಮನಸ್ಸಿಗೆ ಧೈರ್ಯ ಕೊಡುತ್ತದೆ, ಅದನ್ನು ಕಿತ್ತುಕೊಳ್ಳುವ ಅಗತ್ಯವಿಲ್ಲ. ಆದರೆ ಈ ಲೇಖನ ಹೇಳುವ ಹೊತ್ತು ಬೇರೆ. ರಾಹುಕಾಲ ಮಂಗಳವಾರ ಮಧ್ಯಾಹ್ನ 3ಕ್ಕೆ, ಶುಕ್ರವಾರ ಬೆಳಿಗ್ಗೆ 10.30ಕ್ಕೆ ಬರುತ್ತದೆ. ಜೀವಕೋಶಕ್ಕೆ ವಾರವಿಲ್ಲ, ಅದಕ್ಕೆ ಮಂಗಳವಾರದ 3 ಗಂಟೆಯೂ ಶುಕ್ರವಾರದ 3 ಗಂಟೆಯೂ ಒಂದೇ.

ಸೂರ್ಯನಿಲ್ಲದಿದ್ದರೂ ಜೀವಿಗಳು ಹೊತ್ತು ಅರಿಯುತ್ತವೆ ಎಂಬುದನ್ನು ಮೊದಲು ತೋರಿಸಿದ್ದು ಮುಟ್ಟಿದರೆ ಮುನಿ ಗಿಡ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ಜಾಕ್ ದ ಮೆರಾನ್ ಆ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬೆಳಕು ಬೀಳದಿದ್ದರೂ ಎಲೆಗಳು ಹಗಲಾಗುವ ಹೊತ್ತಿಗೆ ಬಿಚ್ಚಿಕೊಂಡವು, ರಾತ್ರಿಯ ಹೊತ್ತಿಗೆ ಮುದುಡಿದವು. 1971ರಲ್ಲಿ ಅಮೆರಿಕದ ಸೀಮೋರ್ ಬೆಂಜರ್ ಮತ್ತು ರೊನಾಲ್ಡ್ ಕೊನೊಪ್ಕ ಹಣ್ಣುನೊಣಗಳಲ್ಲಿ ಒಂದೇ ಜೀನು ಕೆಟ್ಟರೆ ಇಡೀ ದಿನದ ಲಯ ತಪ್ಪುತ್ತದೆ ಎಂದು ಕಂಡುಕೊಂಡರು. ಆ ಜೀನಿನ ಕೆಲಸವನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕಲ್ ರೋಸ್‌ಬ್ಯಾಶ್, ಮೈಕಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ತತ್ತ್ವ ಸರಳ. ಜೀವಕೋಶದಲ್ಲಿ ಕೆಲವು ಜೀನುಗಳು ಒಂದು ಬಗೆಯ ಪ್ರೋಟೀನು ತಯಾರಿಸುತ್ತವೆ. ಆ ಪ್ರೋಟೀನು ಸಾಕಷ್ಟು ಕೂಡಿದಾಗ ತನ್ನನ್ನು ತಯಾರಿಸಿದ ಜೀನನ್ನೇ ತಡೆಯುತ್ತದೆ. ಅದು ಕರಗಿದಾಗ ತಯಾರಿ ಮತ್ತೆ ಶುರು. ಈ ಸುತ್ತಿಗೆ ಹಿಡಿಯುವ ಸಮಯ ಸುಮಾರು 24 ಗಂಟೆ.

ಮನುಷ್ಯನಲ್ಲಿ ಇಂಥ ಗಡಿಯಾರ ಹೆಚ್ಚುಕಡಿಮೆ ಎಲ್ಲ ಅಂಗಾಂಶಗಳಲ್ಲೂ ಇದೆ. ಎರಡು ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಮೇಲೆ, ಮಿದುಳಿನಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು ಕುಳಿತಿದೆ. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ಅದಕ್ಕೆ ತಲುಪುತ್ತದೆ. ಕಟ್ಟಡದ ಕೆಲಸದಲ್ಲಿ ಮೇಸ್ತ್ರಿ ಹೇಗೋ ಹಾಗೆ ಅದು ಯಕೃತ್ತು, ಕರುಳು, ಚರ್ಮ, ಎಲುಬಿನ ಮಜ್ಜೆಯ ಗಡಿಯಾರಗಳನ್ನೆಲ್ಲ ಒಂದು ಹೊಂದಿಕೆಗೆ ತರುತ್ತದೆ; ಆದರೆ ಪ್ರತಿ ಅಂಗ ತನ್ನ ಕೆಲಸಕ್ಕೆ ತನ್ನದೇ ಹೊತ್ತು ಇಟ್ಟುಕೊಂಡಿರುತ್ತದೆ. ಮುಂದೆ ಬರುವ ಗೊಂದಲಕ್ಕೆಲ್ಲ ಈ ಕೊನೆಯ ಮಾತೇ ಬೀಗದ ಕೈ.

ಈ ವಿಜ್ಞಾನಕ್ಕೆ ಬೆಂಗಳೂರಿನಲ್ಲಿ ಒಳ್ಳೆಯ ನೆಲೆಯಿದೆ. ಭಾರತದಲ್ಲಿ ಕಾಲಜೀವವಿಜ್ಞಾನವನ್ನು ಕಟ್ಟಿದವರಲ್ಲಿ ಮೊದಲಿಗರಾದ ಎಂ.ಕೆ. ಚಂದ್ರಶೇಖರನ್ ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಗುಹೆಯ ಬಾವಲಿಗಳ ಲಯವನ್ನು ಅಭ್ಯಸಿಸಿದರು. ಗಡಿಯಾರ, ಬೆಳಕು, ಹೊರಗಿನ ಸದ್ದು ಯಾವುದೂ ತಲುಪದ ಕೋಣೆಯಲ್ಲಿ ಸ್ವಯಂಸೇವಕರನ್ನು ಇರಿಸಿ ಮನುಷ್ಯರ ಲಯವನ್ನೂ ಅಳೆದರು. ನಂತರ ಅವರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಹಣ್ಣುನೊಣಗಳ ಗಡಿಯಾರದ ಮೇಲೆ ಬಹುಕಾಲದಿಂದ ಗಟ್ಟಿ ಕೆಲಸ ನಡೆದಿದೆ.

ವಿಕಿರಣ ಚಿಕಿತ್ಸೆಯವರಿಗೂ ಕಾಲ ಅಪರಿಚಿತವಲ್ಲ. ಒಂದೇ ಸಲ ಭಾರೀ ಪ್ರಮಾಣ ಕೊಡುವುದಕ್ಕಿಂತ ದಿನಕ್ಕಿಷ್ಟು ಎಂದು ಹಂಚಿ ಕೊಟ್ಟರೆ ಚರ್ಮ ಉಳಿದು ಗಡ್ಡೆ ಸಾಯುತ್ತದೆ ಎಂಬುದನ್ನು ಪ್ಯಾರಿಸ್‌ನ ಕ್ಲಾಡ್ ರೆಗೊ ಮತ್ತು ಆನ್ರಿ ಕೂತಾರ್ 1920ರ ದಶಕದಲ್ಲೇ ತೋರಿಸಿದ್ದರು. ಇಂದು ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ 70 ಗ್ರೇ (ವಿಕಿರಣ ಅಳೆಯುವ ಮಾನ) ಪ್ರಮಾಣವನ್ನು ದಿನಕ್ಕೆ 2 ಗ್ರೇಯಂತೆ, ವಾರಕ್ಕೆ 5 ದಿನ, 35 ಸಿಟ್ಟಿಂಗ್‌ಗಳಲ್ಲಿ, 7 ವಾರ ಹಂಚುತ್ತಾರೆ. ಎರಡು ಸಿಟ್ಟಿಂಗ್ ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಕೋಶಗಳು ತಮ್ಮ ಡಿಎನ್‌ಎಯನ್ನು ರಿಪೇರಿ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ಕೆಲಸ ಅಷ್ಟು ಚೆನ್ನಾಗಿ ಬರುವುದಿಲ್ಲ. ಹೀಗೆ ವಾರವೂ ದಿನವೂ ಆಗಲೇ ಚಿಕಿತ್ಸೆಯ ಲೆಕ್ಕಕ್ಕೆ ಸೇರಿವೆ. ಸೇರದೆ ಉಳಿದದ್ದು ಗಂಟೆ.

ಗಂಟೆ ಏಕೆ ಮುಖ್ಯವಾಗಬಹುದು? ಕೋಶ ಒಂದು ಎರಡಾಗುವ ಹಾದಿಯಲ್ಲಿ ಹಲವು ಹಂತಗಳಿವೆ. ವಿಭಜನೆಯ ಘಳಿಗೆಯಲ್ಲಿ ಮತ್ತು ಅದಕ್ಕೆ ಸಜ್ಜಾಗುವಾಗ ಕೋಶಕ್ಕೆ ವಿಕಿರಣದ ಪೆಟ್ಟು ಜಾಸ್ತಿ, ಡಿಎನ್‌ಎ ನಕಲು ಮುಗಿಯುತ್ತ ಬರುವ ಹಂತದಲ್ಲಿ ಕಡಿಮೆ. ಇದನ್ನು ತೆರಾಸಿಮ ಮತ್ತು ಟೋಲ್‌ಮ್ಯಾಕ್ 1963ರಲ್ಲೇ ಪ್ರಯೋಗಾಲಯದ ಕೋಶಗಳಲ್ಲಿ ನೋಡಿದ್ದರು. ಟೊರೊಂಟೊದ ಗಿಯೊರ್ಗ್ ಬ್ಯರ್ನಸನ್ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನ ಆ ಹಂತಗಳನ್ನು ಮನುಷ್ಯನ ಬಾಯಿಯಲ್ಲೇ ಹುಡುಕಿತು. ಆರೋಗ್ಯವಂತರ ಬಾಯಿಯ ಒಳಪದರದ ಚೂರುಗಳನ್ನು ಹಗಲು ರಾತ್ರಿ ಹಲವು ಹೊತ್ತಿನಲ್ಲಿ ತೆಗೆದು ನೋಡಿದಾಗ ಕೋಶಚಕ್ರದ ಆರಂಭದ ಗುರುತಾದ ಪಿ53 ಪ್ರೋಟೀನು ಬೆಳಿಗ್ಗೆ 11ರ ಆಸುಪಾಸಿನಲ್ಲಿ ತುದಿ ಮುಟ್ಟಿತ್ತು, ವಿಭಜನೆಯ ಗುರುತು ರಾತ್ರಿ 9ರ ಹೊತ್ತಿಗೆ. ಹಾಗಿದ್ದರೆ ಬಾಯಿಯ ಕೋಶಗಳು ಬೆಳಿಗ್ಗೆ ಕೊಂಚ ಗಟ್ಟಿ, ಇಳಿಹೊತ್ತಿನಲ್ಲಿ ಸೂಕ್ಷ್ಮ. ಗಡ್ಡೆಯ ಕೋಶಗಳಲ್ಲಿ ಈ ಗಡಿಯಾರ ಎಷ್ಟೋ ಸಲ ಕೆಟ್ಟೇ ಹೋಗಿರುತ್ತದೆ. ಅಂದರೆ ಬೆಳಿಗ್ಗೆ ಕೊಟ್ಟ ವಿಕಿರಣದಲ್ಲಿ ಗಡ್ಡೆಗೆ ಬೀಳುವ ಪೆಟ್ಟು ಅಷ್ಟೇ, ಬಾಯಿಗೆ ಬೀಳುವುದು ಕಡಿಮೆ. ಕಾಗದದ ಮೇಲೆ ಇದು ಸುಂದರವಾದ ವಾದ.

ಅದನ್ನು ರೋಗಿಗಳಲ್ಲಿ ಪರೀಕ್ಷಿಸಿದ ಕೆನಡಾದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಬೆಳಿಗ್ಗೆ 8ರಿಂದ 10, ಇನ್ನೊಂದಕ್ಕೆ ಸಂಜೆ 4ರಿಂದ 6ರ ನಡುವೆ ವಿಕಿರಣ ಕೊಟ್ಟರು. ನೋಡಿದ್ದು ಬಾಯಿಹುಣ್ಣನ್ನು. ಅನ್ನದ ಅಗುಳು ಕೂಡ ನುಂಗಲಾಗದಂತೆ ಮಾಡುವ ಆ ಹುಣ್ಣು ಈ ಚಿಕಿತ್ಸೆಯ ಅತಿ ಕಷ್ಟದ ಭಾಗ. ಲೆಕ್ಕಕ್ಕೆ ಸಿಕ್ಕ 205 ಜನರಲ್ಲಿ ತೀವ್ರ ಹುಣ್ಣು ಬೆಳಗಿನ ಗುಂಪಿನ ಶೇ. 52.9 ಮಂದಿಗೆ, ಸಂಜೆಯ ಗುಂಪಿನ ಶೇ. 62.4 ಮಂದಿಗೆ ಬಂತು. ವ್ಯತ್ಯಾಸ ಇದೆ, ಆದರೆ ಆಕಸ್ಮಿಕ ಅಲ್ಲ ಎನ್ನಲು ಸಂಖ್ಯಾಶಾಸ್ತ್ರ ಒಪ್ಪಲಿಲ್ಲ. ಚಿಕಿತ್ಸೆಯ ನಡುವೆಯೂ ಸಿಗರೇಟು ಬಿಡದವರ ಚಿಕ್ಕ ಗುಂಪಿನಲ್ಲಿ ಅಂತರ ದೊಡ್ಡದು: ಬೆಳಿಗ್ಗೆ ಶೇ. 42.9, ಸಂಜೆ ಶೇ. 76. ಬೆಳಗಿನವರ ತೂಕವೂ ಮುಂದಿನ ತಿಂಗಳುಗಳಲ್ಲಿ ಕಡಿಮೆ ಇಳಿಯಿತು.

ಅದೇ ವರ್ಷ ಲಖನೌದ ಫಲಿತಾಂಶ ಬಂತು. ಇಂದು ಕಿಂಗ್ ಜಾರ್ಜ್ ವೈದ್ಯಕೀಯ ವಿಶ್ವವಿದ್ಯಾಲಯ ಎನಿಸಿಕೊಂಡಿರುವ, ಆಗ ಛತ್ರಪತಿ ಶಾಹುಜಿ ಮಹಾರಾಜರ ಹೆಸರಿನಲ್ಲಿದ್ದ ಸಂಸ್ಥೆಯ ವೈದ್ಯರು ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 212 ರೋಗಿಗಳನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ 3ರ ನಂತರ ಎಂದು ವಿಂಗಡಿಸಿದರು. ತೀವ್ರ ಬಾಯಿಹುಣ್ಣು ಬೆಳಿಗ್ಗೆ ಶೇ. 26, ಇಳಿಹೊತ್ತು ಶೇ. 38. ಕೆನಡಾದಂತೆಯೇ ಇಲ್ಲೂ ಬೆಳಗಿನ ಕಡೆಗೆ ವಾಲಿತ್ತು, ಇಲ್ಲೂ ಪೂರ್ತಿ ಖಾತ್ರಿಯ ಗೆರೆ ದಾಟಲಿಲ್ಲ. ಖಂಡಾಂತರದ ಎರಡು ಆಸ್ಪತ್ರೆಗಳಲ್ಲಿ, ಬೇರೆ ಆಹಾರ, ಬೇರೆ ಹವೆ, ಬೇರೆ ಚಟಗಳ ಜನರಲ್ಲಿ ಅಂತರ ಒಂದೇ ದಿಕ್ಕಿಗೆ ಬಿದ್ದದ್ದು ಕಡೆಗಣಿಸುವ ಮಾತಲ್ಲ. ಬಾಯಿ ಕ್ಯಾನ್ಸರಿಗೆ ತಂಬಾಕಿನೊಂದಿಗೆ ಅಡಿಕೆಯೂ ಕಾರಣವಾಗುವ ನಮ್ಮ ನಾಡಿನಲ್ಲಿ ಈ ಅಂಕಿ ಇನ್ನಷ್ಟು ಗಮನ ಬೇಡುತ್ತದೆ.

ಲಖನೌದವರು ಅಲ್ಲಿಗೆ ನಿಲ್ಲಲಿಲ್ಲ. ಗರ್ಭಕಂಠದ ಕ್ಯಾನ್ಸರಿನ 229 ಮಹಿಳೆಯರಲ್ಲಿ ಅದೇ ಪ್ರಶ್ನೆ ಕೇಳಿದರು. ಒಂದು ಗುಂಪಿಗೆ ಬೆಳಿಗ್ಗೆ 8ರಿಂದ 10, ಇನ್ನೊಂದಕ್ಕೆ ಸಂಜೆ 6ರಿಂದ 8. ಕಿಬ್ಬೊಟ್ಟೆಗೆ ವಿಕಿರಣ ಬೀಳುವಾಗ ಕರುಳಿನ ಒಳಪದರ ಸುಟ್ಟು ಭೇದಿ ಹತ್ತುತ್ತದೆ. 2010ರಲ್ಲಿ ಪ್ರಕಟವಾದ ಉತ್ತರ ಬಾಯಿಯ ಕಥೆಗೆ ತೀರ ತಿರುಗುಮುರುಗು. ಭೇದಿ ಕಂಡದ್ದು ಬೆಳಗಿನವರಲ್ಲಿ ಶೇ. 87.39, ಸಂಜೆಯವರಲ್ಲಿ ಶೇ. 68.18. ತೀವ್ರ ಭೇದಿ ಬೆಳಿಗ್ಗೆ ಶೇ. 14.29, ಸಂಜೆ ಶೇ. 5.45. ಈ ಸಲ ಅಂತರ ಸಂಖ್ಯಾಶಾಸ್ತ್ರದ ಗೆರೆಯನ್ನೂ ದಾಟಿತ್ತು. ಕಾರಣ ಅಂಗಗಳ ಬೇರೆ ಬೇರೆ ಹೊತ್ತು: ಮನುಷ್ಯನ ಗುದನಾಳದ ಒಳಪದರದಲ್ಲಿ ಕೋಶಗಳ ವೃದ್ಧಿ ಬೆಳಗಿನ ವೇಳೆ ಏರಿರುತ್ತದೆ ಎಂದು ಹಿಂದಿನ ಅಧ್ಯಯನ ಹೇಳಿತ್ತು. ಬಾಯಿಗೆ ಬೆಳಗು ಒಳ್ಳೆಯದು, ಕರುಳಿಗೆ ಸಂಜೆ. ಈ ಕ್ಷೇತ್ರಕ್ಕೆ ಭಾರತ ಕೊಟ್ಟ ಅತಿ ಬೆಲೆಯ ಪಾಠ ಇದು. 'ಬೆಳಿಗ್ಗೆಯೇ ಶ್ರೇಷ್ಠ' ಎಂಬ ಸುಲಭದ ಸೂತ್ರವನ್ನು ಒಂದೇ ಏಟಿಗೆ ಅದು ಕೆಳಗಿಳಿಸಿತು.

ಉಳಿದ ಅಂಗಗಳ ಚಿತ್ರ ಮಸುಕು. ಶ್ವಾಸಕೋಶದಿಂದ ಮಿದುಳಿಗೆ ಹರಡಿದ ಗಡ್ಡೆಗೆ ಬೆಳಿಗ್ಗೆ ಒಂದೇ ಸಲದ ತೀವ್ರ ವಿಕಿರಣ ಕೊಟ್ಟವರಲ್ಲಿ ಫಲ ಉತ್ತಮ ಎಂದು 2011ರಲ್ಲಿ ಅಮೆರಿಕದ 58 ರೋಗಿಗಳ ಅಧ್ಯಯನ ಹೇಳಿತು. ಎರಡು ವರ್ಷದ ನಂತರ ನಾನೂರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ ಮತ್ತೊಂದು ತಂಡಕ್ಕೆ ಅಂಥದ್ದೇನೂ ಕಾಣಲಿಲ್ಲ. ಸ್ತನ ಕ್ಯಾನ್ಸರಿನಲ್ಲಿ ಮಧ್ಯಾಹ್ನದ ವಿಕಿರಣಕ್ಕೆ ಚರ್ಮ ಹೆಚ್ಚು ಕೆಂಪಾಗುತ್ತದೆ ಎಂದು ಕೊರಿಯಾದ ವೈದ್ಯರು ವರದಿ ಮಾಡಿದರು. ಬ್ರಿಟನ್ನಿನ ಲೆಸ್ಟರ್ ತಂಡ 2019ರಲ್ಲಿ ಬೇರೆ ದಾರಿ ಹಿಡಿಯಿತು: ಯಾವ ಹೊತ್ತು ಒಳ್ಳೆಯದು ಎಂಬುದು ರೋಗಿಯ ಗಡಿಯಾರ ಜೀನುಗಳ ಬಗೆಯನ್ನು ಅವಲಂಬಿಸಬಹುದು ಎಂದಿತು. ಪ್ರಾಣಿಗಳಲ್ಲಿ ಕಂಡದ್ದು ಇನ್ನೂ ಸ್ಪಷ್ಟ. 2013ರ ಪ್ರಯೋಗವೊಂದರಲ್ಲಿ ಬೆಳಿಗ್ಗೆ ವಿಕಿರಣಕ್ಕೆ ಒಡ್ಡಿದ ಇಲಿಗಳ ಶೇ. 85ರಷ್ಟು ಕೂದಲು ಉದುರಿತು, ಸಂಜೆ ಒಡ್ಡಿದವುಗಳದ್ದು ಶೇ. 17. ಆದರೆ ಇಲಿ ನಿಶಾಚರಿ. ಅದರ ಬೆಳಗನ್ನು ನಮ್ಮ ಬೆಳಗಾಗಿ ಎಣಿಸುವಂತಿಲ್ಲ.

ಅವಸರ ಏಕೆ ಸಲ್ಲದು ಎಂಬುದಕ್ಕೆ ಕೀಮೋಥೆರಪಿಯ ಇತಿಹಾಸ ಸಾಕ್ಷಿ. ಪ್ಯಾರಿಸ್ ಬಳಿಯ ವಿಲ್‌ಜುಯಿಫ್‌ನಲ್ಲಿ ಫ್ರಾನ್ಸಿಸ್ ಲೆವಿ ತಂಡ ದೊಡ್ಡಕರುಳಿನ ಕ್ಯಾನ್ಸರಿನ ಔಷಧಿಗಳನ್ನು ದೇಹದ ಲಯಕ್ಕೆ ಹೊಂದಿಸಿ ಪಂಪಿನ ಮೂಲಕ ಕೊಟ್ಟಿತು. 1997ರಲ್ಲಿ ಪ್ರಕಟವಾದ 186 ರೋಗಿಗಳ ಪ್ರಯೋಗದಲ್ಲಿ ಗಡ್ಡೆ ಕುಗ್ಗಿದ್ದು ಶೇ. 51 ಮಂದಿಗೆ, ಒಂದೇ ವೇಗದಲ್ಲಿ ಔಷಧಿ ಪಡೆದವರಲ್ಲಿ ಶೇ. 29 ಮಂದಿಗೆ; ಬಾಯಿಹುಣ್ಣು ಶೇ. 76ರಿಂದ 14ಕ್ಕೆ ಇಳಿಯಿತು. ಉತ್ಸಾಹ ಉಕ್ಕಿತು. 2006ರಲ್ಲಿ ಯುರೋಪಿನ 564 ರೋಗಿಗಳ ದೊಡ್ಡ ಪ್ರಯೋಗ ಮುಗಿದಾಗ ಒಟ್ಟಾರೆ ಆಯಸ್ಸಿನಲ್ಲಿ ಯಾವ ಲಾಭವೂ ಇರಲಿಲ್ಲ. ಬಿಡಿಸಿ ನೋಡಿದರೆ ಗಂಡಸರಿಗೆ ಅನುಕೂಲ, ಹೆಂಗಸರಿಗೆ ಹಾನಿ. ಒಂದೇ ವೇಳಾಪಟ್ಟಿ ಇಬ್ಬರಿಗೆ ಎರಡು ಬಗೆಯಾಗಿತ್ತು. ಈ ಎಚ್ಚರವನ್ನು ವಿಕಿರಣದವರು ಮರೆಯಬಾರದು.

ಗೋಡೆ ಗಡಿಯಾರವೂ ದೇಹದ ಗಡಿಯಾರವೂ ಒಂದೇ ಅಲ್ಲ ಎಂಬುದು ಇನ್ನೊಂದು ತೊಡಕು. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಸೇರಿದ್ದು; ಬೆಂಗಳೂರು ಇರುವುದು 77.6ರಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12.20ರ ಸುಮಾರಿಗೆ. ಇದು ಸಣ್ಣ ಅಂತರ. ಬನ್ನೇರುಘಟ್ಟ ರಸ್ತೆ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡಿ ನಸುಕಿಗೆ ಬಿಟಿಎಂ ಮನೆಗೆ ಮರಳುವವರ ಅಂತರ ಸಣ್ಣದಲ್ಲ. ಅವರ ಬೆಳಗಿನ 9 ಗಂಟೆ ಮಲಗುವ ಹೊತ್ತು. ಮಾರುಕಟ್ಟೆಗೆ 3 ಗಂಟೆಗೇ ಎದ್ದು ಹೂ ತರುವವರಿಗೆ ಅದೇ 9 ಗಂಟೆ ಅರ್ಧ ದಿನ ಕಳೆದ ಹೊತ್ತು. ದೇಹದ ಲಯ ಕೆಡಿಸುವ ಪಾಳಿ ಕೆಲಸವನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಗೆ ಸೇರಿಸಿತು. 2019ರ ಮರುಪರಿಶೀಲನೆಯಲ್ಲೂ ರಾತ್ರಿ ಪಾಳಿ ಅದೇ ಪಟ್ಟಿಯಲ್ಲಿ ಉಳಿಯಿತು. ರೋಗಿಯ ಒಳಗಿನ ಹೊತ್ತನ್ನು ಅಳೆಯಲು ಮಂದ ಬೆಳಕಿನಲ್ಲಿ ಗಂಟೆಗಂಟೆಗೂ ಜೊಲ್ಲು ತೆಗೆದು ಮೆಲಟೋನಿನ್ ಹಾರ್ಮೋನು ನೋಡುವುದು ಹಳೆಯ ಕ್ರಮ. ಒಂದೇ ಸಲ ತೆಗೆದ ರಕ್ತದಿಂದ ಅದನ್ನು ಹೇಳುವ ವಿಧಾನವನ್ನು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ತಂಡ 2018ರಲ್ಲಿ ಪ್ರಕಟಿಸಿತು. ಗೋಡೆ ಗಡಿಯಾರ ಬಿಟ್ಟು ರೋಗಿಯ ಸ್ವಂತ ಗಡಿಯಾರಕ್ಕೆ ಚಿಕಿತ್ಸೆ ಹೊಂದಿಸುವ ದಿನ ಬಂದರೆ ಇಂಥ ಪರೀಕ್ಷೆಯ ಮೂಲಕವೇ ಬರಬೇಕು.

ಆಸ್ಪತ್ರೆಯ ಕೌಂಟರಿನಲ್ಲಿ ಹೊತ್ತು ಹಂಚುವುದು ಸುಲಭದ ಕೆಲಸವಲ್ಲ. ವಿಕಿರಣ ಕೊಡುವ ಲಿನಿಯರ್ ಆಕ್ಸಿಲರೇಟರ್ ಕೋಟಿಗಟ್ಟಲೆ ಬೆಲೆಯ ಯಂತ್ರ. ರೋಗಿಗಳು ಹೆಚ್ಚಿದ್ದಲ್ಲಿ ನಸುಕಿನಿಂದ ರಾತ್ರಿಯವರೆಗೆ ಅದು ದುಡಿಯುತ್ತದೆ. ಅರಿವಳಿಕೆ ಬೇಕಾದ ಪುಟ್ಟ ಮಕ್ಕಳು ಖಾಲಿ ಹೊಟ್ಟೆಯಲ್ಲಿರಬೇಕು, ಅವರಿಗೆ ಬೆಳಗಿನ ಸರತಿ. ಕಿಬ್ಬೊಟ್ಟೆಯ ಚಿಕಿತ್ಸೆಯವರು ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಬರಬೇಕು. ಕನಕಪುರ, ರಾಮನಗರ ಕಡೆಯಿಂದ ದಿನಾ ಬಂದುಹೋಗುವವರಿಗೆ ಕೊನೆಯ ಬಸ್ಸು ತಪ್ಪಬಾರದು. ಎಲ್ಲರಿಗೂ ಬೆಳಗನ್ನೇ ಕೊಡಲು ಆಗುವುದೇ ಇಲ್ಲ. ಲಖನೌದ ಎರಡು ಪ್ರಯೋಗಗಳನ್ನು ಒಟ್ಟಿಗೆ ಓದಿದಾಗ ಹೊಳೆಯುವ ದಾರಿ ಇಲ್ಲೇ ಇದೆ: ಬಾಯಿ, ಗಂಟಲಿನವರಿಗೆ ಬೆಳಿಗ್ಗೆ, ಕಿಬ್ಬೊಟ್ಟೆಯವರಿಗೆ ಇಳಿಹೊತ್ತು. ಹೊಸ ಯಂತ್ರ ಬೇಡ, ಹೊಸ ಔಷಧಿ ಬೇಡ. ಸರತಿಯ ಪಟ್ಟಿಯನ್ನು ಬೇರೆ ರೀತಿ ಬರೆದರೆ ಸಾಕು. ಖರ್ಚಿಲ್ಲದ ಇಂಥ ಉಪಾಯ ಬಡ ರೋಗಿಗಳೇ ತುಂಬಿದ ಸರ್ಕಾರಿ ಆಸ್ಪತ್ರೆಗಳಿಗೆ ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ನಿಯಮವಾಗುವ ಮುನ್ನ ಅದನ್ನು ಇನ್ನೂ ದೊಡ್ಡ ಪ್ರಯೋಗದಲ್ಲಿ ಒರೆಗೆ ಹಚ್ಚಬೇಕು. ಜಕ್ಕೂರಿನ ಗಡಿಯಾರ ವಿಜ್ಞಾನವೂ ಹೊಸೂರು ರಸ್ತೆಯ ರೋಗಿಗಳ ದಾಖಲೆಯೂ ಒಂದೇ ಊರಿನಲ್ಲಿ ಇರುವಾಗ ಆ ಕೆಲಸಕ್ಕೆ ಬೆಂಗಳೂರಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಎರಡೂ ಕಡೆಯವರು ಅದನ್ನು ಕೈಗೆತ್ತಿಕೊಳ್ಳಬೇಕು.

ರೋಗಿಗಳೂ ಮನೆಯವರೂ ಇಂದು ಮಾಡಬಹುದಾದದ್ದು ಇಷ್ಟು. ಆದಷ್ಟು ದಿನವೂ ಒಂದೇ ಹೊತ್ತಿಗೆ ಸರತಿ ಸಿಗುವಂತೆ ಕೇಳಿ. ರಾತ್ರಿ ಪಾಳಿಯ ಕೆಲಸ ಇದ್ದರೆ, ನಿದ್ದೆ ಕೆಟ್ಟಿದ್ದರೆ ವೈದ್ಯರಿಗೆ ಹೇಳಿ. ತಂಬಾಕು, ಗುಟ್ಕಾ, ಎಲೆ ಅಡಿಕೆಯನ್ನು ಇಂದೇ ಬಿಡಿ. ಸಂಜೆಯ ಸರತಿ ಬಂತೆಂದು ಹೆದರಬೇಡಿ, ಬೆಳಗಿನದಕ್ಕಾಗಿ ಚಿಕಿತ್ಸೆಯನ್ನು ವಾರ ಮುಂದೂಡಬೇಡಿ. ನಾಲ್ಕನೆಯ ವಾರದ ಹೊತ್ತಿಗೆ ಉಳಿದ ಕ್ಯಾನ್ಸರ್ ಕೋಶಗಳು ವೇಗವಾಗಿ ಬೆಳೆಯತೊಡಗುತ್ತವೆ. ತಲೆ, ಕುತ್ತಿಗೆ ಮತ್ತು ಗರ್ಭಕಂಠದ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ಲಂಬಿಸಿದಂತೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ತಗ್ಗುತ್ತದೆ. ಹೊತ್ತಿನಿಂದ ಆಗಬಹುದಾದ ಲಾಭ ಇನ್ನೂ ಪರೀಕ್ಷೆಯಲ್ಲಿದೆ, ದಿನ ತಪ್ಪಿದರೆ ಆಗುವ ನಷ್ಟ ಖಚಿತ. ಯಾವ ಹೊತ್ತಿನ ಸರತಿ ಸಿಕ್ಕಿದರೂ ಒಂದು ಸಿಟ್ಟಿಂಗನ್ನೂ ತಪ್ಪಿಸಬೇಡಿ.